ಮನೆಗಾಡಿಯ ಮಿಸ್ಸಿಂಗ್

ಹೊಳೆಯ ದಂಡೆಯಲ್ಲಿ ಮೊಹಿದ್ದೀನ್ ಸಾಬರ ಗ್ಯಾರೇಜು. ಬೋರ್ಡಿಲ್ಲ, ಬಾಗಿಲಿಲ್ಲ. ಒಂದು ತಗಡಿನ ಚಪ್ಪರ, ಒಂದು ಹುಣಸೆ ಮರ.

ನಿಜಗುಣ ಅವರ ಶಿಷ್ಯ. ಆರು ವರ್ಷದಿಂದ ಅಲ್ಲೇ ಕಲಿಯುತ್ತಿದ್ದ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಒಂದು ಹಳೆಯ ಮನೆಗಾಡಿ ಅಲ್ಲಿಗೆ ಮೂರನೇ ಸಲ ಬಂತು. ವ್ಯಾನಿನೊಳಗೇ ಒಲೆ, ನೀರಿನ ಟ್ಯಾಂಕು, ಕಿಟಕಿಯ ಪಕ್ಕ ಒಂದು ಮಂಚ. ಓಡಿಸುವವರು ಸುನಂದಮ್ಮ. ಮಂಚದ ಮೇಲೆ ಅವರ ಯಜಮಾನರು, ಪಾಯಪ್ಪ ಮೇಷ್ಟ್ರು. ಲಕ್ವ ಹೊಡೆದು ಮೇಷ್ಟ್ರ ಮಾತು ನಿಂತು ವರ್ಷವಾಗಿತ್ತು. ಎಡಗೈ ಮಾತ್ರ ಆಡುತ್ತಿತ್ತು.

“ಮತ್ತೆ ಎಂಜಿನ್ ಮಿಸ್ಸಿಂಗ್,” ಎಂದರು ಸುನಂದಮ್ಮ. “ಹತ್ತು ಮೈಲಿ ಚೆನ್ನಾಗಿ ಓಡ್ತದೆ. ಆಮೇಲೆ ಕೆಮ್ಮೋಕೆ ಶುರು. ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗ್ತದೆ. ಈ ಸಲವೂ ಆಗದಿದ್ರೆ ಮಾರಿಬಿಡ್ತೀನಪ್ಪ. ಇವರಿಗೆ ಮನೆಯ ನಾಲ್ಕು ಗೋಡೆನೇ ಗತಿ.”

ಮೇಷ್ಟ್ರು ಹೊಳೆ ನೋಡುತ್ತಿದ್ದವರು ಕಣ್ಣು ಮುಚ್ಚಿಕೊಂಡರು.

ನಿಜಗುಣ ಹಿಂದಿನ ಎರಡು ಸಲ ಮಾಡಿದ್ದನ್ನೇ ಮಾಡಿದ. ಮೇಷ್ಟ್ರನ್ನು ಜೋಪಾನವಾಗಿ ಇಳಿಸಿ ಮರದ ನೆರಳಲ್ಲಿ ಮಲಗಿಸಿದ. ಪಾತ್ರೆ ಪಡಗ ಹೊರಗಿಟ್ಟ, ಟ್ಯಾಂಕಿನ ನೀರು ಬಿಟ್ಟ. ಖಾಲಿ ಗಾಡಿಯಲ್ಲಿ ಕೆಲಸ ಸಲೀಸು. ಪ್ಲಗ್ಗು ಬದಲಿಸಿದ, ಕಾರ್ಬುರೇಟರ್ ತೊಳೆದ, ಹಾಳುಬಿದ್ದ ಸೇತುವೆ ರಸ್ತೆಯಲ್ಲಿ ಹತ್ತು ಸಲ ಓಡಿಸಿ ಬಂದ. ಒಂದು ಸಲವೂ ಕೆಮ್ಮಲಿಲ್ಲ.

“ಸರಿಹೋಯ್ತು, ಉಸ್ತಾದ್.”

“ಏನು ಕೆಟ್ಟಿತ್ತು?”

“ಅದು ಗೊತ್ತಾಗಲಿಲ್ಲ. ಈಗ ಬರ್ತಿಲ್ಲ, ಅಷ್ಟೇ.”

“ಬಂದಾಗ ಗಾಡಿ ಹೀಗಿತ್ತೇನೋ?”

ನಿಜಗುಣ ತಾನು ಹೊರಗಿಟ್ಟ ಪಾತ್ರೆಗಳತ್ತ ನೋಡಿದ.

“ಹೇಗಿತ್ತೋ ಹಾಗೇ ಮಾಡು. ಅಮ್ಮಾವರು ಓಡಿಸಲಿ. ನೀನು ಮಂಚದ ಪಕ್ಕ ನೆಲದ ಮೇಲೆ ಕೂತ್ಕೋ. ಸ್ಪ್ಯಾನರ್ ಇಲ್ಲಿಟ್ಟು ಹೋಗು.”

“ಸ್ಪ್ಯಾನರ್ ಇಲ್ಲದೆ ಏನು ಮಾಡ್ಲಿ?”

“ಸುಮ್ಮನೆ ಕೂತಿರು. ಅದನ್ನ ಇನ್ನೂ ಕಲಿತಿಲ್ಲ ನೀನು.”

ನೀರು ತುಂಬಿಸಿದರು, ಪಾತ್ರೆ ಏರಿಸಿದರು, ಮೇಷ್ಟ್ರನ್ನು ಮಂಚದ ಮೇಲೆ ಮಲಗಿಸಿದರು. ಗಾಡಿ ಹೊರಟಿತು.

ಎರಡು ತಾಸಿನ ಮೇಲೆ ಮರಳಿ ಬಂದಾಗ ನಿಜಗುಣನ ಮುಖ ಸಪ್ಪಗಿತ್ತು.

“ಮಿಸ್ಸಿಂಗ್ ಬಂತು, ಉಸ್ತಾದ್. ಮೂರು ಸಲ.”

“ಒಳ್ಳೇದಾಯ್ತು. ಇನ್ನೇನು ಕಂಡೆ?”

“ಏನಿಲ್ಲ. ಮಿಸ್ಸಿಂಗ್ ಬಂದಾಗ ಮೇಷ್ಟ್ರು ಕೈಯಿಂದ ಮಂಚ ತಟ್ಟುತ್ತಾರೆ.”

“ಪಾಪ, ಗಾಬರಿ ಅವರಿಗೆ,” ಎಂದರು ಸುನಂದಮ್ಮ. “ಮೊದಲಿಂದಲೂ ಹಾಗೇ. ಬಾಯಾರಿಕೆನೋ ಏನೋ ಅಂತ ಗಾಡಿ ನಿಲ್ಲಿಸಿ ನೀರು ಕುಡಿಸ್ತೀನಿ.”

ಸಾಬರು ಶಿಷ್ಯನನ್ನೇ ನೋಡಿದರು. “ತಟ್ಟಿದ್ದು ಮೊದಲೋ, ಕೆಮ್ಮಿದ್ದು ಮೊದಲೋ?”

ನಿಜಗುಣ ನೆನಪಿಸಿಕೊಂಡ.

“ತಟ್ಟಿದ್ದು ಮೊದಲು.”

“ಮತ್ತೆ ನನ್ನ ಹತ್ತಿರ ಯಾಕೆ ನಿಂತಿದ್ದೀಯ? ಅವರನ್ನ ಕೇಳು.”

ನಿಜಗುಣ ಗಾಡಿ ಹತ್ತಿ ಮಂಚದ ಪಕ್ಕ ಮಂಡಿಯೂರಿದ. “ಮೇಷ್ಟ್ರೇ, ನಿಮಗೇನಾದ್ರೂ ಕೇಳಿಸ್ತದಾ?”

ಎಡಗೈ ಮೆಲ್ಲಗೆ ಎದ್ದಿತು. ಕಿವಿ ಮುಟ್ಟಿತು. ಮಂಚದ ಕೆಳಗೆ ತೋರಿಸಿತು. ಆಮೇಲೆ ಮುಷ್ಟಿ ಬಿಗಿಯಿತು.

“ಕೆಳಗಿನ ಸದ್ದು ನಿಲ್ತದಾ?”

ಮೇಷ್ಟ್ರು ಒಂದು ಸಲ ತಟ್ಟಿದರು. ಅವರ ಕಣ್ಣಲ್ಲಿ ನೀರು ಬಂತು. ಎರಡು ತಿಂಗಳಿಂದ ಅವರು ಇದನ್ನೇ ಹೇಳುತ್ತಿದ್ದರು. ಅದು ಮಾತು ಅಂತ ಯಾರಿಗೂ ಅನ್ನಿಸಿರಲಿಲ್ಲ.

ನಿಜಗುಣ ಮಂಚದ ಕೆಳಗಿನ ಹಲಗೆ ಎತ್ತಿದ. ಅಲ್ಲಿ ಗುಂಯ್ ಎನ್ನುತ್ತಾ ಪೆಟ್ರೋಲ್ ಎತ್ತುವ ಪಂಪು. ಅದರ ವೈರು ಹಲಗೆಗೂ ಕಬ್ಬಿಣದ ಪಟ್ಟಿಗೂ ನಡುವೆ ಸಿಕ್ಕಿ ಒಳಗೇ ತುಂಡಾಗುತ್ತಾ ಬಂದಿತ್ತು. ರಸ್ತೆಯ ಗುಂಡಿಯಲ್ಲಿ ಮಂಚ ಕುಸಿದಾಗ ಪಂಪು ನಿಲ್ಲುತ್ತಿತ್ತು. ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲ್ ಮುಗಿದ ಮೇಲೆ ಎಂಜಿನ್ ಕೆಮ್ಮುತ್ತಿತ್ತು. ಮಂಚ ಖಾಲಿಯಿದ್ದರೆ ಯಾವ ತೊಂದರೆಯೂ ಇರಲಿಲ್ಲ.

“ಸಿಕ್ತು, ಉಸ್ತಾದ್. ಇವರ ಭಾರಕ್ಕೆ ವೈರು ಜಜ್ಜಿಹೋಗಿದೆ.”

ಮೇಷ್ಟ್ರು ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು. ಸುನಂದಮ್ಮ ನೆಲ ನೋಡಿದರು.

ನಿಜಗುಣ ಹಿಗ್ಗಿನಲ್ಲಿದ್ದ, ಅದೊಂದೂ ಅವನಿಗೆ ಕಾಣಲಿಲ್ಲ. “ವೈರು ಬೇರೆ ಕಡೆಯಿಂದ ಎಳೀಬೇಕಂದ್ರೆ ಅರ್ಧ ಗಾಡಿ ಬಿಚ್ಚಬೇಕು, ಎರಡು ದಿನ ಹಿಡೀತದೆ. ಅದರ ಬದಲು ಮಂಚನೇ ಹಿಂದಕ್ಕೆ ಸರಿಸಿದ್ರೆ ಒಂದು ತಾಸಿನ ಕೆಲಸ. ಅಲ್ಲಿ ಕಿಟಕಿ ಇಲ್ಲ, ಅದೊಂದೇ.”

ಸಾಬರು ಗಾಡಿ ಹತ್ತಿದರು. ಮೇಷ್ಟ್ರ ತಲೆದಿಂಬಿನ ಹತ್ತಿರ ಬಗ್ಗಿ, ಕಿಟಕಿಯಾಚೆ ಅವರು ನೋಡುವ ಕಡೆಗೇ ತಾವೂ ಒಂದಿಷ್ಟು ಹೊತ್ತು ನೋಡಿದರು.

“ಮಂಚ ಇಲ್ಲೇ ಇರ್ಲಿ,” ಎಂದರು. “ವೈರಿಗೆ ಬೇರೆ ದಾರಿ ಮಾಡು.”