ತೊಲೆಯ ಮೇಲಿನ ಮಸಿ

ಇಂಗ್ಲೆಂಡ್ ದೇಶದ ಒಂದು ಹಳೆಯ ರೈತರ ಮನೆಯಲ್ಲಿ ಇಟ್ಟಿಗೆಯ ಹೊಗೆಗೂಡೊಂದು ಅಟ್ಟದ ಮರದ ತೊಲೆಗೆ ಮೈ ಆನಿಸಿಕೊಂಡು ನಿಂತಿತ್ತು. "ನಾನು ಬಂದ ಮೇಲೆಯೇ ಈ ಮನೆಗೆ ಬೆಂಕಿ ಅಂತ ಒಂದು ಆಯಿತು" ಎಂದು ಅದು ಹೇಳಿಕೊಳ್ಳುತ್ತಿತ್ತು. ಒಂದು ದಿನ ಮನೆಯೊಡತಿ ಪ್ರುಡೆನ್ಸಮ್ಮ ಅಟ್ಟ ಹತ್ತಿ, ತೊಲೆಗೆ ಹಿಡಿದ ಮಸಿ ಕಂಡು, "ಹೊಗೆಗೂಡು ಸೋರುತ್ತಿದೆ. ನಾಳೆಯೇ ಕೆಡವಿಸಬೇಕು" ಎಂದಳು.

ಹೊಗೆಗೂಡು ತೊಲೆಯನ್ನು ಕೇಳಿತು: "ತೊಲೆಯಜ್ಜಾ, ನಾನು ಒಂದೆಳೆ ಹೊಗೆಯನ್ನೂ ಒಳಗೆ ಬಿಟ್ಟವನಲ್ಲ. ನಿನಗೆ ಈ ಮಸಿ ಎಲ್ಲಿಂದ ಬಂತು?"

"ನೀನು ಹುಟ್ಟುವ ಮುಂಚೆ ಬಂತಪ್ಪ. ಆಗ ಈ ಅಟ್ಟವೂ ಇರಲಿಲ್ಲ. ಕೆಳಗೆ ನೆಲದ ನಡುವೆ ಬೆಂಕಿ ಹಾಕುತ್ತಿದ್ದರು. ಹೊಗೆ ನೆಟ್ಟಗೆ ನನ್ನ ತನಕ ಬರುತ್ತಿತ್ತು."

"ನನಗಿಂತ ಮುಂಚೆಯೂ ಬೆಂಕಿ ಇತ್ತೇ! ಅದನ್ನು ಅಮ್ಮನಿಗೆ ಹೇಳುವವರು ಯಾರು?"

"ನೀನೇ. ನನಗೆ ಒತ್ತಿಕೊಂಡಿರುವ ಒಂದು ಇಟ್ಟಿಗೆಯನ್ನು ಸಡಿಲ ಬಿಡು. ಉಳಿದದ್ದು ದೇವರ ಚಿತ್ತ."

ಮರುದಿನ ಗಾರೆಯವನು ಸುತ್ತಿಗೆ ತಂದ. ಮೊದಲ ಏಟಿಗೇ ಆ ಇಟ್ಟಿಗೆ ಕಳಚಿ ಬಿತ್ತು. ಅವನು ಸಂದಿಯೊಳಗೆ ಬೆರಳಾಡಿಸಿ ತೆಗೆದ, ಬೆರಳು ಕಪ್ಪಾಗಿತ್ತು.

"ಅಮ್ಮಾ, ಇಟ್ಟಿಗೆ ಮುಚ್ಚಿದ್ದ ಜಾಗದಲ್ಲೂ ತೊಲೆಗೆ ಮಸಿ ಹಿಡಿದಿದೆ. ಅಂದರೆ ಹೊಗೆಗೂಡು ಕಟ್ಟುವಾಗಲೇ ತೊಲೆ ಕಪ್ಪಗಿತ್ತು. ಪಾಪ, ಇದರ ತಪ್ಪೇನಿಲ್ಲ" ಎಂದು ಇಟ್ಟಿಗೆಯನ್ನು ಮತ್ತೆ ಕೂರಿಸಿದ.

ಆ ಸಂಜೆ ಕೆಳಗೆ ಒಲೆ ಹೊತ್ತಿತು. ಹೊಗೆಗೂಡು ಮೆಲ್ಲಗೆ ಕೇಳಿತು: "ಅಜ್ಜಾ, ಹಾಗಾದರೆ ಈ ಮನೆಯ ಮೊದಲ ಬೆಂಕಿಯನ್ನು ನೀನು ನೋಡಿದ್ದೀಯಾ?"

"ಇಲ್ಲಪ್ಪ" ಎಂದಿತು ತೊಲೆ. "ನನ್ನನ್ನು ಮೇಲೆತ್ತುವಾಗಲೇ ನೆಲ ಕಪ್ಪಗಿತ್ತು. ಅದನ್ನೇ ಕೇಳು."