ಹುಲ್ಲಿನೆಸಳಿನ ತುದಿಯಷ್ಟು ಲೇಹ್ಯ

ಬೆರಳುದ್ದದ ಸುಂಡಿಲಿಯಮ್ಮನ ಮೂತಿ ನರೆತಿತ್ತು. ಬಿಲದಲ್ಲಿದ್ದ ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅವು ದೊಡ್ಡವಾಗುವ ತನಕವಾದರೂ ಬದುಕಬೇಕೆಂದು ಅವಳು ಆಮೆ ಪಂಡಿತರಲ್ಲಿಗೆ ಹೋದಳು. ಮುಪ್ಪನ್ನು ದೂರವಿಡುವ ಲೇಹ್ಯಕ್ಕೆ ಅವರು ಕಾಡಿಗೆಲ್ಲ ಹೆಸರಾಗಿದ್ದರು.

ಮುಂಚೆಯೇ ಬಂದಿದ್ದ ಆನೆಯಜ್ಜಿಗೆ ಪಂಡಿತರು ಒಂದು ಕೊಳಗ ಲೇಹ್ಯ ಕೊಟ್ಟರು. ಸುಂಡಿಲಿಯಮ್ಮನಿಗೆ ಹುಲ್ಲಿನೆಸಳಿನ ತುದಿಗೆ ಸವರಿ ಕೊಟ್ಟರು.

“ಚಿಕ್ಕವಳೆಂದು ತಾತ್ಸಾರವೇ, ಪಂಡಿತರೇ? ನನಗೂ ಕೊಳಗ ತುಂಬ ಕೊಡಿ. ನನ್ನ ಮರಿಗಳಿಗೆ ಬೇರೆ ದಿಕ್ಕಿಲ್ಲ.”

“ಕೊಡೋಣ. ಮೊದಲು ಅಜ್ಜಿಯ ಎದೆಗೆ ಕಿವಿಯಿಟ್ಟು ಬಾ.”

ಆನೆಯಜ್ಜಿ ಪಕ್ಕಕ್ಕೆ ಒರಗಿದಳು. ಸುಂಡಿಲಿಯಮ್ಮನಿಗೆ ದೂರದ ಗುಡುಗಿನಂತೆ ಒಂದು ಬಡಿತ ಕೇಳಿತು. ಆಮೇಲೆ ಸದ್ದಿಲ್ಲ. ಅಜ್ಜಿ ಸತ್ತೇ ಹೋದಳೆಂದು ಅವಳು ಬೆಚ್ಚುವಷ್ಟರಲ್ಲಿ ಇನ್ನೊಂದು ಬಡಿತ ಬಂತು. ಆ ನಡುವೆ ಸುಂಡಿಲಿಯಮ್ಮನ ಎದೆ ಲೆಕ್ಕವಿಲ್ಲದಷ್ಟು ಸಲ ಬಡಿದಿತ್ತು.

“ಎದೆ ಓಡುವ ವೇಗದಲ್ಲೇ ಮದ್ದು ಮೈಗೆ ಹತ್ತುತ್ತದೆ, ತಾಯಿ. ಅಜ್ಜಿಗೆ ತಿಂಗಳಲ್ಲಿ ಅರಗುವುದು ನಿನ್ನನ್ನು ಒಂದೇ ಗಳಿಗೆಯಲ್ಲಿ ಸುಟ್ಟೀತು,” ಎಂದರು ಪಂಡಿತರು.

ಆಗ ಆನೆಯಜ್ಜಿಯೂ ತನ್ನ ದೊಡ್ಡ ಕಿವಿಯನ್ನು ಅವಳತ್ತ ಬಾಗಿಸಿದಳು. ಕೇಳುತ್ತ ಕೇಳುತ್ತ ಕಣ್ಣರಳಿಸಿದಳು. “ನನ್ನ ಒಂದು ಉಸಿರಿನೊಳಗೆ ನೀನು ಒಂದು ಹಗಲನ್ನೇ ಬದುಕುತ್ತೀಯಲ್ಲೇ, ಮಗಳೇ!”

ಸುಂಡಿಲಿಯಮ್ಮ ಎಸಳನ್ನು ಒಮ್ಮೆ ಮಾತ್ರ ನೆಕ್ಕಿದಳು. ತನ್ನ ಎದೆಗೇ ಕಿವಿಗೊಟ್ಟು ಕೂತಳು. ಅದು ಆಗಲೇ ಮೊದಲಿಗಿಂತ ಜೋರಾಗಿ ಓಡತೊಡಗಿತ್ತು.

“ಉಳಿದದ್ದು ಬೇಡ, ಪಂಡಿತರೇ. ನನಗೆ ಇಷ್ಟೇ ಸಾಕೆಂದು ಎದೆ ಹೇಳುತ್ತಿದೆ.”

ನೂರು ವರ್ಷದಿಂದ ಮದ್ದು ಅಳೆಯುತ್ತಿದ್ದ ಆಮೆ ಪಂಡಿತರು ಅಂದು ಮೊದಲ ಸಲ ರೋಗಿಯ ಮಾತು ಕೇಳಿ ತಮ್ಮ ಅಳತೆಯನ್ನು ತಿದ್ದಿಕೊಂಡರು.