ಚೌಡಕ್ಕ ಹೊಸಿಲು ದಾಟಿದ್ದು

ಒಂದಾನೊಂದು ಕಾಲದಲ್ಲಿ, ನಿನ್ನ ಮುತ್ತಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿ ಆಡ್ತಿದ್ದಾಗ, ಚೌಡಕ್ಕ ಅಂತ ಒಬ್ಬ ಕುಂಬಾರರ ಹೆಂಗಸು ಇದ್ಲಂತೆ. ಕಣ್ಮುಚ್ಚು ಪುಟ್ಟಿ, ಕಣ್ಮುಚ್ಚಿದ್ರೂ ಕತೆ ಕೇಳ್ಸುತ್ತೆ. ಅವಳ ಗಂಡ ಬೋರಯ್ಯ, ಬೋರಯ್ಯನ ತಾಯಿ, ಒಂದು ಕತ್ತೆ, ಇಷ್ಟೇ ಸಂಸಾರ. ಈ ಚೌಡಕ್ಕಂಗೆ ಏನೇ ಆದ್ರೂ ದೇವರೇ ಮಾಡಿದ್ದು. ಕಾಗೆ ಕೂಗಿದ್ರೂ ದೇವರು, ಹಾಲು ಉಕ್ಕಿದ್ರೂ ದೇವರು, ಗಡಿಗೆ ಬಿರುಕು ಬಿಟ್ರೂ ದೇವರು. ಪಾಪ, ದೇವರಿಗೆ ಕೂತು ಉಸಿರು ಬಿಡೋಕೂ ಪುರುಸೊತ್ತು ಕೊಡ್ತಿರಲಿಲ್ಲ.

ಒಂದಿನ ಬೆಳಗ್ಗೆ ಬೋರಯ್ಯ ಕತ್ತೆ ಹೊಡ್ಕೊಂಡು ಕೆರೆಯಂಗಳಕ್ಕೆ ಜೇಡಿಮಣ್ಣು ತರೋಕೆ ಹೋದನಂತೆ. ಊಟದ ಹೊತ್ತಿಗೆ ಬರ್ತೀನಿ ಅಂದಿದ್ದ. ಊಟದ ಹೊತ್ತು ಮೀರಿ ಮುದ್ದೆ ತಣ್ಣಗಾಯ್ತು, ಅವನು ಮಾತ್ರ ಬರಲಿಲ್ಲ. ಮಣ್ಣು ತೆಗೆಯೋ ಗುಂಡಿಯ ದಂಡೆ ಸಡಿಲ ಆಗಿದೆ ಕಣೇ ಅಂತ ಹಿಂದಿನ ದಿನವೇ ಹೇಳಿದ್ದ. ಅದು ನೆನಪಾಗಿ ಇವಳು ಮುದ್ದೆ ಮುಚ್ಚಿಟ್ಟು ಎದ್ಲು.

ಹೋಗಿ ನೋಡ್ಕೊಂಡು ಬರೋಣ ಅಂತ ಹೊಸಿಲ ಹತ್ರ ಬಂದ್ಲು, ಅಷ್ಟರಲ್ಲಿ ನಶ್ಯ ಏರಿಸ್ತಿದ್ದ ಅತ್ತೆ ಒಂದೇ ಒಂದು ಸಲ ಸೀನಿದ್ರಂತೆ. ಒಂಟಿ ಸೀನು, ದೇವರು ಬೇಡ ಅಂತಿದಾನೆ ಅಂತ ಒಳಗೆ ಬಂದು, ನೀರು ಕುಡಿದು ಕೂತ್ಲು. ಕೂತ್ರೆ ಕೂರೋಕಾಗಲ್ಲ. ಆಮೇಲೆ ಮತ್ತೆ ಎದ್ಲು, ಬಾಗಿಲ ಮೇಲಿದ್ದ ಹಲ್ಲಿ ಲೊಚಲೊಚ ಅಂತು. ಮತ್ತೆ ಒಳಗೆ. ಆಮೇಲೆ ಮೂರನೇ ಸಲ, ಅಮ್ಮನವರನ್ನೇ ಕೇಳಿಬಿಡ್ತೀನಿ ಅಂತ ಗೋಡೆಗೂಡಲ್ಲಿದ್ದ ಅಮ್ಮನವರ ವಿಗ್ರಹದ ಮುಡಿಗೆ ಒದ್ದೆ ಕಣಗಿಲೆ ಹೂ ಅಂಟಿಸಿ, ಬಲಕ್ಕೆ ಬಿದ್ರೆ ಹೋಗ್ತೀನಿ ತಾಯಿ, ಎಡಕ್ಕೆ ಬಿದ್ರೆ ಇಲ್ಲ ಅಂತ ಕೈಮುಗಿದು ನಿಂತ್ಲಂತೆ. ಹೂ ಬೀಳೋದೇ ಇಲ್ಲ. ಬಿಸಿಲು ಅಂಗಳ ದಾಟಿ ಗೋಡೆ ಹತ್ತಿತು. ಕೊನೆಗೆ ಬಿತ್ತು, ಎಡಕ್ಕೆ. ಚೌಡಕ್ಕ ಅಲ್ಲೇ ಕುಸಿದು ಕೂತು ಅತ್ತುಬಿಟ್ಲು.

ಅಷ್ಟೊತ್ತಿಗೆ ಕತ್ತೆ ಮಾತ್ರ ಮನೆಗೆ ಬಂತಂತೆ. ಬೆನ್ನ ಮೇಲಿನ ಚೀಲ ಖಾಲಿ. ಬಂದದ್ದೇ ಬೂಸಾ ಬಾನಿಗೆ ಬಾಯಿ ಹಾಕ್ತು. ಅತ್ತೆ, ಇದು ಒಳ್ಳೇ ಸೂಚನೆನೋ ಕೆಟ್ಟದ್ದೋ, ಇನ್ನೊಂದು ಹೂ ಕೇಳೇ ತಾಯಿ ಅಂದ್ರು. ಹೆತ್ತ ಹೊಟ್ಟೆ ನೋಡು, ಅದರ ಸಂಕಟ ಅದಕ್ಕೆ. ನೀವು ಕೇಳ್ತಿರಿ ಅತ್ತೆ, ನಾನು ಹೋಗ್ತೀನಿ ಅಂತ ಚೌಡಕ್ಕ ಗುದ್ದಲಿ ತಗೊಂಡ್ಲು. ಆಗಲೂ ಅತ್ತೆ ಸೀನಿದ್ರಂತೆ. ಇವಳು ತಿರುಗಿ ನೋಡಲಿಲ್ಲ.

ಗುಂಡಿ ಹತ್ರ ಹೋದ್ರೆ ದಂಡೆ ಕುಸಿದು ಬೋರಯ್ಯ ಎದೆ ಮಟ್ಟ ಮಣ್ಣಲ್ಲಿ ಹೂತುಹೋಗಿದ್ದ. ಕೂಗಿ ಕೂಗಿ ದನಿ ಬಿದ್ದುಹೋಗಿತ್ತು. ಅವಳು ಗುದ್ದಲೀಲಿ ಬಗೆದ್ಲು, ಅವನಿಗೆ ತಾಗೀತು ಅಂತ ಆಮೇಲೆ ಕೈಯಲ್ಲೇ ಬಗೆದ್ಲು, ಉಗುರು ಕಿತ್ತು ರಕ್ತ ಬಂದ್ರೂ ಬಿಡದೆ ಬಗೆದು, ಕಂಕುಳಿಗೆ ಕೈ ಹಾಕಿ ಎಳೆದು ದಡಕ್ಕೆ ತಂದ್ಲಂತೆ. ಮಧ್ಯಾಹ್ನದಿಂದ ಕೂಗ್ತಿದೀನಿ, ಯಾಕಿಷ್ಟು ತಡ ಮಾಡ್ದೆ ಅಂತ ಅವನು ಕೇಳಿದ. ಅವಳು ನಾಚಿಕೆಯಿಂದ ತಲೆ ತಗ್ಗಿಸಿ, ಸೆರಗಲ್ಲಿ ಅವನ ಮುಖದ ಮಣ್ಣು ಒರೆಸಿದ್ಲು.

ಊರೋರೆಲ್ಲ ಅಮ್ಮನೋರೇ ಕತ್ತೆ ಕಳಿಸಿದ್ದು ಅಂದ್ರಂತೆ. ಅದು ಬೂಸಾ ಹೊತ್ತಿಗೆ ದಿನಾ ಹಂಗೇ ಓಡುತ್ತೆ ಅಂದ ಬೋರಯ್ಯ. ಚೌಡಕ್ಕ ದೀಪ ಹಚ್ಚಿ, ಕತ್ತೆ ನೀನು ಕಳಿಸಿದ್ದಾದ್ರೆ ಆ ಮೂರು ಅಡ್ಡಿನೂ ನಿಂದೇನಾ ತಾಯಿ ಅಂತ ಕೇಳಿದ್ಲು.

ಏನಂದೆ ಪುಟ್ಟಿ, ದೇವರೇ ಕಳಿಸಿದ್ದಾ ಅಂತ ಕೇಳ್ತೀಯಾ. ನಂಗೇನ್ ಗೊತ್ತೇ, ಚೌಡಕ್ಕಂಗೇ ಗೊತ್ತಾಗಲಿಲ್ಲ. ಆಮೇಲೆ ಅವರು ಮೂರು ಜನ, ಜೊತೆಗೆ ಆ ಕತ್ತೆನೂ, ಬಹಳ ಕಾಲ ಸುಖವಾಗಿದ್ರಂತೆ. ಯಾರಾದ್ರೂ ಬರೋದು ತಡವಾದ್ರೆ ಚೌಡಕ್ಕ ಆಗಲೂ ದೇವರನ್ನ ಕೇಳ್ತಿದ್ಲಂತೆ, ಆದ್ರೆ ದಾರೀಲಿ ನಡೀತಾ ಕೇಳ್ತಿದ್ಲಂತೆ. ಕತೆ ಇಲ್ಲಿಗೆ ಮುಗೀತು, ಹೊದಿಕೆ ಎಳ್ಕೊಂಡು ಮಲಗು.